ಹಿಂಬದಿಯ ಮೆಟ್ಟಿಲು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿಮ್ಮ ತಮ್ಮನ ಹೆಂಡತಿಯ ನಮಸ್ಕಾರ. ನಾವೆಲ್ಲ ಕ್ಷೇಮ. ಪ್ರತಿ ಪತ್ರದಲ್ಲೂ ಈ ಮಾತನ್ನು ಕೈ ತಾನಾಗಿ ಬರೆದುಬಿಡುತ್ತದೆ; ಈ ಸಲ ಹಾಗಲ್ಲ. ಒಬ್ಬೊಬ್ಬರ ಮುಖವನ್ನೂ ಕಣ್ಣಾರೆ ನೋಡಿ ಆಮೇಲೆ ಬರೆಯುತ್ತಿದ್ದೇನೆ. ನಿಮ್ಮಪ್ಪ ಕ್ಷೇಮ, ನಿಮ್ಮ ತಮ್ಮ ಕ್ಷೇಮ, ಪುಟ್ಟಿ ಕ್ಷೇಮ, ನಾನೂ ಕ್ಷೇಮ.

ನಿಮ್ಮ ಪತ್ರ ವಾರದ ಮೊದಲಲ್ಲೇ ಬಂತು. ಆಮೇಲೆ ಬುಧವಾರ ಬಿದ್ದ ಬೆಂಕಿಯ ಸುದ್ದಿಯನ್ನು ನಿಮ್ಮ ತಮ್ಮ ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸಿದರಂತೆ. ಅವರಿಗೆ ಬಸ್ಸು ಓಡಿಸಲು ಬರುತ್ತದೆ, ಕಥೆ ಹೇಳಲು ಬರುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಅಲ್ಲದೆ ನಿಮ್ಮ ಪತ್ರದಲ್ಲಿದ್ದ ಮಾತುಗಳಿಗೂ ಉತ್ತರ ಕೊಡಬೇಕಲ್ಲ. ನಿಮ್ಮಪ್ಪನನ್ನು ಮೂಟೆ ಕಟ್ಟಿ ಮೆಟ್ಟಿಲ ಮೇಲೆ ಎಳೆದಾಡಿ ಕಟ್ಟಡದ ಜನಕ್ಕೆಲ್ಲ ತಮಾಷೆ ತೋರಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ಒಂದು ಕಾಲದಲ್ಲಿ ಹಮಾಲಿ ಮೇಸ್ತ್ರಿಯಾಗಿ ಊರಿನ ಬೀರುಗಳನ್ನೆಲ್ಲ ಹೊತ್ತವರಿಗೆ ಈ ಗತಿ ತಂದಿದ್ದೀಯ, ತಿಂಗಳ ಕೊನೆಗೆ ಬಂದು ಅಪ್ಪನನ್ನು ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೀರಿ. ಓದಿದಾಗ ಅತ್ತುಬಿಟ್ಟೆ. ಈಗ ಅಳು ಬರುತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ, ಕೇಳಿ.

ಚಳಿ ಶುರುವಾದಾಗ ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಒಂದು ತಾಲೀಮು ಮಾಡಿಸಿದರು. ಸೈರನ್ ಕೂಗಿದ ತಕ್ಷಣ ಮಿಷನ್ ನಿಲ್ಲಿಸಿ ಎಲ್ಲರೂ ಅಂಗಳಕ್ಕೆ ಬರಬೇಕು. ನಾವೆಲ್ಲ ಹರಟೆ ಹೊಡೆಯುತ್ತ, ನಗುತ್ತ ಇಳಿದು ಬಂದೆವು. ಬಿಸಿಲಿನಲ್ಲಿ ನಿಂತಿದ್ದಾಗ ಒಂದು ಯೋಚನೆ ಬಂತು ನೋಡಿ ಅಕ್ಕ. ನಾನು ಕಾಲಿರುವವಳು, ಇಳಿದು ಬಂದೆ. ಈ ಹೊತ್ತಿಗೆ ಮನೆಯಲ್ಲಿ ಹೀಗಾದರೆ? ಲಕ್ವ ಹೊಡೆದು ಬಲಗೈ ಬಲಗಾಲು ಸೋತು ಕೂತಿರುವ ಮಾವ ನಾಲ್ಕನೇ ಮಹಡಿಯಲ್ಲಿದ್ದಾರೆ. ಲಿಫ್ಟ್ ಇದೆ, ಸರಿ. ಆದರೆ ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು ಎಂದು ಆಗ ತಾನೇ ಹೇಳಿಕೊಟ್ಟಿದ್ದರು.

ಅವತ್ತು ಸಂಜೆಯೇ ಮನೆಯಲ್ಲಿ ಕೆಲಸ ಶುರುಮಾಡಿದೆ. ಬಾಗಿಲ ಪಕ್ಕದ ಮೊಳೆಗೆ ಒಂದು ಚೀಲ ತೂಗುಹಾಕಿದೆ. ಅದರಲ್ಲಿ ಮಾವನ ಮಾತ್ರೆ, ಟಾರ್ಚು, ನೀರಿನ ಬಾಟಲಿ, ಮನೆ ಪತ್ರಗಳ ನಕಲು, ಎಲ್ಲರಿಗೂ ಒಂದೊಂದು ದಪ್ಪ ಬಟ್ಟೆ. ಗ್ಯಾಸು ಎಲ್ಲಿ ತಿರುಗಿಸಿದರೆ ನಿಲ್ಲುತ್ತದೆ, ಕರೆಂಟಿನ ಮೇನ್ ಸ್ವಿಚ್ ಯಾವುದು ಎಂದು ಪುಟ್ಟಿಗೂ ಕಲಿಸಿದೆ. ಇಷ್ಟೆಲ್ಲ ಸುಲಭವಾಯಿತು. ಕಷ್ಟವಾದದ್ದು ನಿಮ್ಮಪ್ಪ.

ಒಂದು ಕುರ್ಚಿಯಲ್ಲಿ ಕೂರಿಸಿ ಇಳಿಸುವುದನ್ನು ಅಭ್ಯಾಸ ಮಾಡೋಣ ಎಂದಾಗ ಅವರು ಸುತರಾಂ ಒಪ್ಪಲಿಲ್ಲ. ನಾನೂ ನಿಮ್ಮ ತಮ್ಮನೂ ಒಂದು ಸಲ ಬಲವಂತ ಮಾಡಿ ಎತ್ತಿ ನಾಲ್ಕು ಮೆಟ್ಟಿಲು ಇಳಿಸಿದೆವು. ಕುರ್ಚಿ ವಾಲಿತು, ಅವರು ಕಂಬಿ ಹಿಡಿದುಕೊಂಡು ಬೈದ ಬೈಗುಳಕ್ಕೆ ಕೆಳಗಿನ ಮನೆಯ ಬಾಗಿಲುಗಳೆಲ್ಲ ತೆರೆದುಕೊಂಡವು. ಯಾರೋ ನಕ್ಕರು. ನಿಮ್ಮ ಕಿವಿಗೆ ಬಿದ್ದ ಸುದ್ದಿ ಆವತ್ತಿನದು. ಅದು ಸುಳ್ಳಲ್ಲ ಅಕ್ಕ. ಆವತ್ತು ಅವರಿಗೆ ಅವಮಾನವಾಯಿತು. ವಾಪಸ್ಸು ಒಳಗೆ ಬಂದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಒಂದೇ ಮಾತು ಹೇಳಿದರು.

"ಜನ್ಮವೆಲ್ಲ ನಾನು ಹೊತ್ತಿದೀನಿ. ನನ್ನನ್ನ ಹೊರೋದು ಒಂದೇ ಸಲ. ಅವತ್ತು ನಂಗೆ ಗೊತ್ತಾಗಲ್ಲ."

ಆದರೂ ನಾನು ಕೈ ಕಟ್ಟಿ ಕೂರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಜಾತಿ ನಾನಲ್ಲ, ನಿಮಗೇ ಗೊತ್ತು.

ನಮ್ಮ ಕಟ್ಟಡದ ಹಿಂಬದಿಗೆ ಇನ್ನೊಂದು ಮೆಟ್ಟಿಲಿದೆ. ಎಲ್ಲ ಮನೆಗಳ ಅಡುಗೆಮನೆಯ ಬಾಗಿಲೂ ಅದಕ್ಕೇ ತೆರೆಯುತ್ತದೆ. ನೀವು ಬಂದಾಗ ನೋಡಿರಲಿಕ್ಕಿಲ್ಲ, ಯಾಕೆಂದರೆ ನೋಡುವ ಹಾಗಿರಲಿಲ್ಲ. ಮುರಿದ ಮಂಚ, ಗಾಳಿ ಹೋದ ಸೈಕಲ್ಲು, ಹಳೇ ಬೀರು, ಯಾರದೋ ಹಾರ್ಮೋನಿಯಂ ಪೆಟ್ಟಿಗೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಎದುರು ಮನೆಯವರ ಹೂಕುಂಡಗಳು. ಮೆಟ್ಟಿಲಿಗೊಂದರಂತೆ ಮೂರನೇ ಮಹಡಿಯವರೆಗೂ. ಆಕೆ ಸಿನಿಮಾ ಥಿಯೇಟರಿನ ಟಿಕೆಟ್ ಕಿಂಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಒಬ್ಬರೇ ಇದ್ದಾರೆ. ಪುಟ್ಟಿ ಅವರಿಗೆ ಕುಂಡದಮ್ಮ ಎಂದು ಹೆಸರಿಟ್ಟಿದ್ದಾಳೆ. ಮೆಟ್ಟಿಲು ತೆರವು ಮಾಡಬೇಕು ಎಂದು ಮನೆ ಮನೆಗೆ ಹೋಗಿ ಕೇಳಿದಾಗ ಎಲ್ಲರೂ ಮೂಗು ಮುರಿದರು. ಕುಂಡದಮ್ಮನಂತೂ ಗಿಡ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದರು. ನಾನು ಜಗಳ ಮಾಡಲಿಲ್ಲ. ನಿಮಗೆ ಇಷ್ಟು ವಯಸ್ಸಾಗಿದೆ, ಹೊಗೆ ತುಂಬಿದಾಗ ಈ ಕುಂಡಗಳ ಮೇಲೆ ಎಡವದೆ ಇಳಿಯಬಲ್ಲಿರಾ, ಒಂದು ಸಲ ಕಣ್ಣು ಮುಚ್ಚಿ ಇಳಿದು ತೋರಿಸಿ ಎಂದೆ. ಆಕೆ ಹಟಕ್ಕೆ ಬಿದ್ದು ಕಣ್ಣು ಮುಚ್ಚಿಕೊಂಡು ಇಳಿದರು. ಎರಡನೆಯ ಕುಂಡಕ್ಕೇ ಕಾಲು ತಾಗಿತು. ಮರುದಿನ ಬೆಳಿಗ್ಗೆ ನೋಡಿದರೆ ಕುಂಡಗಳನ್ನೆಲ್ಲ ತಾವೇ ಟೆರೇಸಿಗೆ ಸಾಗಿಸುತ್ತಿದ್ದರು!

ಆಕೆ ನಮ್ಮ ಪಕ್ಷಕ್ಕೆ ಬಂದ ಮೇಲೆ ಉಳಿದವರು ಬಗ್ಗಿದರು. ಆ ಬಾಯಿಗೆ ಎದುರಾಡುವವರು ಈ ಕಟ್ಟಡದಲ್ಲಿ ಯಾರೂ ಇಲ್ಲ. ಒಂದು ರಜೆಯ ದಿನ ಎಲ್ಲರೂ ಸೇರಿ ಸಾಮಾನು ಇಳಿಸಲು ಶುರುಮಾಡಿದೆವು. ಮೂರನೇ ಮಹಡಿಯ ಕ್ಷೌರದಂಗಡಿಯವರೂ ನಿಮ್ಮ ತಮ್ಮನೂ ನಮ್ಮ ಮಹಡಿಯ ಹಳೇ ಬೀರು ಹಿಡಿದರು. ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಮೇಲೂ ಬಾರದು, ಕೆಳಗೂ ಹೋಗದು. ಒಬ್ಬರು ಎಡಕ್ಕೆ ಎಂದರೆ ಇನ್ನೊಬ್ಬರು ಬಲಕ್ಕೆ. ಗೋಡೆಯ ಗಾರೆ ಉದುರುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಗಾಲಿಕುರ್ಚಿಯ ಸದ್ದು. ನಿಮ್ಮಪ್ಪ ಅಡುಗೆಮನೆ ಬಾಗಿಲಿಗೆ ಬಂದಿದ್ದರು. ತಿಂಗಳುಗಟ್ಟಲೆ ಹಾಸಿಗೆಯಿಂದ ಕಿಟಕಿ, ಕಿಟಕಿಯಿಂದ ಹಾಸಿಗೆ ಅಂತ ಇದ್ದವರು.

"ಅಯ್ಯೋ, ಬೀರುನ ಹಾಗೆ ಹಿಡೀತಾರೇನ್ರೋ? ತಲೆ ಕೆಳಗೆ ಮಾಡಿ, ಬೆನ್ನು ಗೋಡೆಗೆ ಕೊಡಿ. ಕೆಳಗಿನವನು ತಳ್ಳಬೇಡ, ತಡಿ. ಇಳಿಸೋದು ಮೇಲಿನವನ ಕೆಲಸ."

ಹಾಗೇ ಮಾಡಿದರು. ಬೀರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿತು. ಆಮೇಲೆ ಒಂದು ಸಾಮಾನನ್ನೂ ಅವರ ಅಪ್ಪಣೆ ಇಲ್ಲದೆ ಯಾರೂ ಮುಟ್ಟಲಿಲ್ಲ. ಸಂಜೆಯವರೆಗೂ ಬಾಗಿಲಲ್ಲಿ ಕೂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಕೊನೆಗೆ ಮೆಟ್ಟಿಲು ಬಟಾಬಯಲಾದಾಗ ಅದನ್ನೇ ಬಹಳ ಹೊತ್ತು ನೋಡುತ್ತ ಕೂತಿದ್ದರು. ಊಟಕ್ಕೆ ಕೂತಾಗ ತಾವಾಗಿಯೇ ಹೇಳಿದರು: ನೀವಿಬ್ಬರೂ ಆವತ್ತು ಮಾಡಿದ್ದು ತಪ್ಪು, ಕೈಯಿರುವ ಕುರ್ಚಿ ಆ ತಿರುವಿನಲ್ಲಿ ತಿರುಗುವುದಿಲ್ಲ, ಭಾರ ಮುಂದಕ್ಕೆ ಬೀಳುತ್ತದೆ, ಸಾಮಾನು ಗಾಬರಿಯಾಗುತ್ತದೆ.

ಸಾಮಾನು ಎಂದರೆ ಯಾರು ಎಂದು ಪುಟ್ಟಿ ಕೇಳಿದಳು. "ನಾನೇ," ಎಂದರು. ಅಷ್ಟೇ ಅಕ್ಕ. ನನ್ನ ತಿಂಗಳ ಗೋಗರೆತದಿಂದ ಆಗದ್ದು ಒಂದು ಹಳೇ ಬೀರುವಿನಿಂದ ಆಯಿತು. ಹೊರಿಸಿಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ, ಸಾಗಿಸುವುದು ಆಗುತ್ತಿತ್ತು. ಸಾಗಿಸಬೇಕಾದದ್ದು ತಾನೇ ಆದರೂ ಮೇಸ್ತ್ರಿ ಮೇಸ್ತ್ರಿಯೇ.

ಮರದ ಕುರ್ಚಿಯೊಂದರ ಕೈಗಳನ್ನು ಕೊಯ್ಯಿಸಿದರು. ಮಂಚದ ಕೆಳಗಿನ ಟ್ರಂಕಿನಿಂದ ತಮ್ಮ ಹಳೇ ಕ್ಯಾನ್‌ವಾಸ್ ಪಟ್ಟಿಗಳನ್ನು ತೆಗೆಸಿದರು. ನಾನು ಅವನ್ನು ಕಾರ್ಖಾನೆಯ ದಪ್ಪ ದಾರದಲ್ಲಿ ಹೊಲಿದು ಸೊಂಟಕ್ಕೊಂದು, ಎದೆಗೊಂದು ಕಟ್ಟುವ ಹಾಗೆ ಮಾಡಿದೆ. ಹೊರುವವರು ಗಂಡ ಹೆಂಡತಿ ಮಾತ್ರ ಆದರೆ ಸಾಲದು, ಅವರಿಬ್ಬರೂ ಇಲ್ಲದ ದಿನವೇ ಗ್ರಹಚಾರ ಬರುವುದು ಎಂದು ಕ್ಷೌರದಂಗಡಿಯವರಿಗೂ ಕಲಿಸಿದರು. ಕುಂಡದಮ್ಮನಿಗೆ ಮುಂದೆ ಟಾರ್ಚು ಹಿಡಿದು ತಿರುವು, ಮೆಟ್ಟಿಲು ಎಂದು ಕೂಗುವ ಕೆಲಸ. ವಾರಕ್ಕೊಂದು ಸಲ ಅಭ್ಯಾಸ. ಪುಟ್ಟಿಗೆ ಅದೊಂದು ಆಟ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆ ಮೆಟ್ಟಿಲು ಇಳಿಯುತ್ತಿದ್ದಳು. ನಗುವವರು ಇನ್ನೂ ನಗುತ್ತಿದ್ದರು. ಎರಡನೇ ಮಹಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರ್ ಮಾತ್ರ ನಗಲೂ ಇಲ್ಲ, ಸೇರಲೂ ಇಲ್ಲ, ಬಿಡುವಿಲ್ಲ ಎಂದರು. ಅವರ ಅಡುಗೆಮನೆಯ ಹಿಂಬಾಗಿಲಿಗೆ ಒಳಗಿನಿಂದ ಒಂದು ಕಬ್ಬಿಣದ ರ‍್ಯಾಕ್ ಒರಗಿಸಿದ್ದಾರೆ ಎಂಬುದು ನಮಗೆ ಗೊತ್ತಿರಲಿಲ್ಲ.

ಮೊನ್ನೆ ಬುಧವಾರ ನನಗೆ ವಾರದ ರಜೆ. ನಿಮ್ಮ ತಮ್ಮ ಬಸ್ಸಿನ ಮೇಲೆ, ಊರಿನ ಆ ತುದಿಯಲ್ಲಿ. ಪುಟ್ಟಿ ಸ್ಕೂಲಿನಿಂದ ಬಂದು ಅದೇ ಟೀಚರ ಮನೆಗೆ ಪಾಠಕ್ಕೆ ಇಳಿದಿದ್ದಳು. ನಾನು ನಿಮಗೆ ಉತ್ತರ ಬರೆಯಲು ಕೂತಿದ್ದೆ. ಕ್ಷಮಿಸಿ, ಇನ್ನು ಮೇಲೆ ಅಪ್ಪನನ್ನು ಮೆಟ್ಟಿಲಿಗೆ ಕರೆದೊಯ್ಯುವುದಿಲ್ಲ ಎಂದು ಬರೆಯುತ್ತಿದ್ದೆ. ನಿಜವಾಗಿ ಹಾಗೇ ಬರೆಯುತ್ತಿದ್ದೆ ಅಕ್ಕ.

ಮೊದಲು ವಾಸನೆ ಬಂತು, ಪ್ಲಾಸ್ಟಿಕ್ ಸುಟ್ಟ ಹಾಗೆ. ಮುಂಬಾಗಿಲ ಸಂದಿಯಿಂದ ಕಪ್ಪು ಹೊಗೆ ನೆಲ ಹಿಡಿದು ಬರುತ್ತಿತ್ತು. ನಮ್ಮ ಕಟ್ಟಡದ ನೆಲಮಹಡಿಯಲ್ಲಿರುವ ಹಾಸಿಗೆ ಅಂಗಡಿಗೆ ಬೆಂಕಿ ಬಿದ್ದಿತ್ತು. ಫೋಮು, ಸ್ಪಂಜು, ರೆಕ್ಸಿನ್ನು, ಕೇಳಬೇಕೆ? ಮುಂದಿನ ಮೆಟ್ಟಿಲೆಲ್ಲ ಚಿಮಣಿಯಾಗಿಹೋಗಿತ್ತು. ಕೈಗೆ ಅಭ್ಯಾಸವಿತ್ತು. ಗ್ಯಾಸು, ಮೇನ್ ಸ್ವಿಚ್ಚು, ಚೀಲ, ಒದ್ದೆ ಬಟ್ಟೆ. ಅಗ್ನಿಶಾಮಕ ದಳಕ್ಕೆ ಫೋನು. ಅಷ್ಟರಲ್ಲಿ ಮಾವ ತಮ್ಮ ಎಡಗೈಯಿಂದಲೇ ಕುರ್ಚಿಗೆ ಜಾರಿ ಪಟ್ಟಿ ಬಿಗಿದುಕೊಂಡಿದ್ದರು. ಕುಂಡದಮ್ಮ ಬಾಗಿಲು ಬಡಿಯುತ್ತ ಕೂಗುತ್ತಿದ್ದರು. ಸಂಜೆ ಕಾಫಿಗೆ ಮನೆಗೆ ಬಂದಿದ್ದ ಕ್ಷೌರದಂಗಡಿಯವರು ತಮ್ಮ ಹೆಂಡತಿ ಮಕ್ಕಳನ್ನು ಹಿಂಬದಿಯಿಂದ ಇಳಿಸಿ, ತಾವು ಮೇಲಕ್ಕೆ ಓಡಿ ಬಂದರು. ಕರೆಯಲು ಯಾರೂ ಹೋಗಿರಲಿಲ್ಲ.

ಮೇಲೆ ಅವರು, ಕೆಳಗೆ ನಾನು, ಮುಂದೆ ಟಾರ್ಚು. ಹಿಂಬದಿಯಲ್ಲಿ ಹೊಗೆ ಇನ್ನೂ ತೆಳುವಾಗಿತ್ತು. ಎರಡನೇ ಮಹಡಿ ಮುಟ್ಟಿದಾಗ ಟೀಚರ ಅಡುಗೆಮನೆ ಬಾಗಿಲ ಹಿಂದಿನಿಂದ ಮಕ್ಕಳು ಅಳುವ ಸದ್ದು ಕೇಳಿತು. ಅವರು ಮುಂಬಾಗಿಲು ತೆರೆದು, ಹೊಗೆ ನುಗ್ಗಿ, ಮತ್ತೆ ಮುಚ್ಚಿಕೊಂಡು ಮಕ್ಕಳನ್ನೆಲ್ಲ ಅಡುಗೆಮನೆಗೆ ಸೇರಿಸಿದ್ದರು. ಈ ಕಡೆ ಬಾಗಿಲು ಒಳಕ್ಕೆ ತೆರೆಯಬೇಕು, ರ‍್ಯಾಕ್ ಅಡ್ಡ. ಪಾತ್ರೆ, ಡಬ್ಬ ತುಂಬಿದ ರ‍್ಯಾಕ್. ಟೀಚರ್ ಒಳಗಿನಿಂದ ಕೂಗಿ ಹೇಳುತ್ತ ಅದನ್ನು ಎಳೆಯುತ್ತಿದ್ದರು, ಅದು ಅಲುಗುತ್ತಿರಲಿಲ್ಲ. ನಾನು ಕುರ್ಚಿ ಇಳಿಸಿ ಬಾಗಿಲನ್ನು ಭುಜದಿಂದ ಗುದ್ದುತ್ತಿದ್ದೆ. ಪುಟ್ಟಿಯ ಧ್ವನಿ ಮಾತ್ರ ನನಗೆ ಬೇರೆಯಾಗಿ ಕೇಳುತ್ತಿತ್ತು.

ನಿಮ್ಮಪ್ಪ ತಮ್ಮ ಕುರ್ಚಿಯನ್ನು ಬಾಗಿಲ ಪಕ್ಕದ ಮೂಲೆಗೆ ಸರಿಸಿ ದಾರಿ ಬಿಡಲು ಹೇಳಿದರು. ಆಮೇಲೆ ಬಾಗಿಲಿಗೆ ಬಾಯಿಟ್ಟು, ಗಾಬರಿ ಒಂದಿಷ್ಟೂ ಇಲ್ಲದ ಸ್ವರದಲ್ಲಿ, ಹೊಸ ಕೂಲಿಯವನಿಗೆ ಹೇಳಿಕೊಡುವ ಹಾಗೆ ಹೇಳಿದರು.

"ಟೀಚರ್, ಎಳೀಬೇಡಿ. ಒಂದು ಮೂಲೆ ಚೂರು ಎತ್ತಿ, ಮಕ್ಕಳ ಕೈಲಿ ಕಾಲಿನಡಿಗೆ ಒದ್ದೆ ಬಟ್ಟೆ ತುರುಕಿಸಿ. ಆಮೇಲೆ ಇನ್ನೊಂದು ಮೂಲೆ. ಈಗ ಬಗ್ಗಿ, ತಳ ಹಿಡಿದು ಎಳೀರಿ. ಬರುತ್ತೆ."

ಬಂತು. ಬಾಗಿಲು ಒಂದು ಆಳು ನುಸುಳುವಷ್ಟು ತೆರೆಯಿತು. ಕುಂಡದಮ್ಮ ಆ ಸಂದಿಯಲ್ಲಿ ನಿಂತು, ಹೌಸ್‌ಫುಲ್ ಸಿನಿಮಾಕ್ಕೆ ಜನ ನುಗ್ಗಿದಾಗ ಕೂಗುತ್ತಿದ್ದ ಅದೇ ಗಂಟಲಿನಲ್ಲಿ ಕ್ಯೂ ಎಂದು ಕೂಗಿದರು ನೋಡಿ, ಅಳುತ್ತಿದ್ದ ಮಕ್ಕಳೂ ಸಾಲಾಗಿಬಿಟ್ಟವು. ಒಬ್ಬರ ಅಂಗಿ ಇನ್ನೊಬ್ಬರು ಹಿಡಿಯಬೇಕು. ಪುಟ್ಟಿ ಮಾತ್ರ ಅಜ್ಜನ ಕುರ್ಚಿ ಹಿಡಿದು ನಿಂತುಬಿಟ್ಟಳು, ಬಿಟ್ಟು ಬರುವುದಿಲ್ಲ ಎಂದು. ನಿಮ್ಮಪ್ಪ ಅವಳ ಕೈ ಬಿಡಿಸಿದರು.

"ಇವರ‍್ಯಾರಿಗೂ ಈ ಮೆಟ್ಟಿಲು ಗೊತ್ತಿಲ್ಲ ಕಣೇ. ನಿಂಗೊಬ್ಬಳಿಗೇ ಗೊತ್ತು. ಮುಂದೆ ನಡಿ."

ಅವಳು ನಡೆದಳು ಅಕ್ಕ. ಕಣ್ಣು ಮುಚ್ಚಿಕೊಂಡೇ ನಡೆದಳಂತೆ, ಹಾಗಿದ್ದರೇ ಅಭ್ಯಾಸವಂತೆ. ಅವಳ ಹಿಂದೆ ಆ ಸಾಲು.

ಈಗ ಒಂದು ಮಾತು. ಇದನ್ನು ಬರೆಯದೇ ಇರಬಹುದಿತ್ತು, ಯಾರೂ ನಿಮಗೆ ಹೇಳುವುದಿಲ್ಲ. ಆ ಮಕ್ಕಳ ಜೊತೆ ನಾನೂ ಇಳಿದುಹೋದೆ. ಮಾವ ಹೋಗು ಎಂದರಂತೆ, ನನಗೆ ಕೇಳಿಸಲಿಲ್ಲ. ಅವರು ಹೇಳಿದ್ದಕ್ಕೆ ನಾನು ಹೋಗಲಿಲ್ಲ, ಮಗಳ ಬೆನ್ನು ನೋಡಿಕೊಂಡು ಹೋದೆ. ರಸ್ತೆಗೆ ಬಂದು ಪುಟ್ಟಿಯನ್ನು ಅಪ್ಪಿಕೊಂಡು, ಗಾಳಿ ಎಳೆದುಕೊಂಡು, ತಲೆಯೆತ್ತಿ ನೋಡಿದ ಮೇಲೆ ನೆನಪಾಯಿತು ಕುರ್ಚಿ ಎಲ್ಲಿ ಎಂದು. ಪುಟ್ಟಿಯನ್ನು ಟೀಚರ ಕೈಗೆ ಕೊಟ್ಟು ವಾಪಸ್ಸು ಓಡಿದೆ. ಹೊಗೆ ದಟ್ಟವಾಗಿತ್ತು. ಮೊದಲನೇ ಮಹಡಿಯ ತಿರುವಿನಲ್ಲಿ ಟಾರ್ಚಿನ ಬೆಳಕು ಕಂಡಿತು. ಕುಂಡದಮ್ಮ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕುರ್ಚಿಯ ಮುಂಗಾಲು ಹಿಡಿದುಕೊಂಡು ಹಿಂದುಹಿಂದಕ್ಕೆ ಇಳಿಯುತ್ತಿದ್ದರು. ಮೇಲೆ ಕ್ಷೌರದಂಗಡಿಯವರು ಕೆಮ್ಮುತ್ತಿದ್ದರು. ಮಕ್ಕಳ ಜೊತೆ ಯಾಕೆ ಇಳಿಯಲಿಲ್ಲ ಎಂದು ಆಮೇಲೆ ಕುಂಡದಮ್ಮನನ್ನು ಕೇಳಿದರೆ, ಮಂಡಿ ನೋವಿತ್ತು ಎಂದರು. ಮಂಡಿ ನೋವಿದ್ದವರು ಕುರ್ಚಿ ಹೊರುತ್ತಾರೆಯೇ ಎಂದು ನಾನು ಕೇಳಲಿಲ್ಲ.

ನಾನು ಕೆಳಗಿನ ಕಡೆ ಕೈ ಕೊಟ್ಟೆ. ಮಾವ ನನ್ನ ಮುಖ ನೋಡಿದರು. ನಾನು ಏನೋ ಹೇಳಲು ಹೋದೆ, ಬಾಯಿ ಮುಚ್ಚಿಕೊಂಡು ಎಡಕ್ಕೆ ಹೊರಳಿಸು ಎಂದರು. ಹೊರಳಿಸಿದೆ. ಬೆಳಕಿಗೆ ಬಂದೆವು.

ಅಕ್ಕ, ಆ ರಸ್ತೆಯನ್ನು ನೀವು ನೋಡಬೇಕಿತ್ತು. ಅಗ್ನಿಶಾಮಕದವರು ಆಗ ತಾನೇ ಬಂದು ಪೈಪು ಬಿಚ್ಚುತ್ತಿದ್ದರು. ಮಕ್ಕಳ ತಾಯಂದಿರು ಓಡಿ ಬರುತ್ತಿದ್ದರು. ಎದುರಿನ ಪಾದಚಾರಿ ಕಟ್ಟೆಯ ಮೇಲೆ ನಿಮ್ಮಪ್ಪ, ಮುಖವೆಲ್ಲ ಮಸಿ, ಎದೆಗೆ ಪಟ್ಟಿ, ರಾಜನ ಹಾಗೆ ಕೂತಿದ್ದರು. ಪ್ರತಿ ಮನೆಯವರನ್ನೂ ಹೆಸರು ಹಿಡಿದು ಕೂಗಿ, ಬಂದಿದ್ದಾರೆ ಎಂದು ಗೊತ್ತಾದ ಮೇಲೆಯೇ ನೀರು ಕುಡಿದರು. ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂದು ದಳದ ಅಧಿಕಾರಿ ಓಡಿ ಬಂದು ಕೇಳಿದಾಗ, ಎಲ್ಲರೂ ಒಟ್ಟಿಗೆ ಮಾವನ ಕಡೆ ಕೈ ತೋರಿಸಿದರು.

"ಎಲ್ಲ ಇಳಿದಿದೆ ಸ್ವಾಮಿ," ಎಂದರು ನಿಮ್ಮಪ್ಪ. "ಒಂದೂ ಒಡೆದಿಲ್ಲ."

ನಾನು ಆಗ ನಕ್ಕೆ. ನಕ್ಕಿದ್ದು ಅಳುವಾಯಿತು, ಅತ್ತಿದ್ದು ಮತ್ತೆ ನಗುವಾಯಿತು. ಟೀಚರ್ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನಿಮ್ಮ ತಮ್ಮ ಡಿಪೋದಲ್ಲಿ ಸುದ್ದಿ ಕೇಳಿ, ಯಾರದೋ ಸ್ಕೂಟರಿನ ಹಿಂದೆ ಕೂತು ಬಂದರು. ಬಂದವರೇ ಅಪ್ಪನ ಕಾಲ ಬಳಿ ಕುಸಿದು ಕೂತರು. ಕುರ್ಚಿ ನಾನು ಹೊರಲಿಲ್ಲವಲ್ಲ ಎಂದರಂತೆ. ಹೊತ್ತಿದ್ದರೆ ನೀನು ತಿರುವಿನಲ್ಲಿ ಗೋಡೆಗೆ ಗುದ್ದುತ್ತಿದ್ದೆ, ಹೋಗಲಿ ಬಿಡು ಎಂದರಂತೆ ನಿಮ್ಮಪ್ಪ.

ಹಾಸಿಗೆ ಅಂಗಡಿ ಪೂರ್ತಿ ಹೋಯಿತು. ಅಂಗಡಿಯವರೂ ಹುಡುಗರೂ ಹೊರಗೆ ಓಡಿಬಂದಿದ್ದರು. ಮುಂದಿನ ಮೆಟ್ಟಿಲು ಮೇಲಿನವರೆಗೂ ಕಪ್ಪಾಗಿದೆ. ನಮ್ಮ ಗೋಡೆಗಳಿಗೆ ಸುಣ್ಣ ಬಳಿಯಬೇಕು, ಪರದೆಗಳ ವಾಸನೆ ಇನ್ನೂ ಹೋಗಿಲ್ಲ. ಜೀವಕ್ಕೆ ಮಾತ್ರ ಯಾರಿಗೂ ಏನೂ ಆಗಿಲ್ಲ. ಕ್ಷೌರದಂಗಡಿಯವರಿಗೆ ಎರಡು ದಿನ ಸ್ವರ ಹೊರಡಲಿಲ್ಲ. ಮಾತಾಡದ ಕ್ಷೌರಿಕನ ಹತ್ತಿರ ಕೂದಲು ಕತ್ತರಿಸಿಕೊಳ್ಳುವುದು ಎಂಥ ಸುಖ ಎಂದು ಗಿರಾಕಿಗಳು ಸಾಲುಗಟ್ಟಿದರಂತೆ.

ಇವತ್ತು ಬೆಳಿಗ್ಗೆ ಇಡೀ ಕಟ್ಟಡ ಹಿಂಬದಿಯ ಮೆಟ್ಟಿಲು ಇಳಿಯುವ ಅಭ್ಯಾಸ ಮಾಡಿತು. ಅವತ್ತು ನಕ್ಕವರೇ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದರು. ಪಕ್ಕದ ಕಟ್ಟಡದವರು ನಿಮ್ಮಪ್ಪನನ್ನು ತಮ್ಮ ಮೆಟ್ಟಿಲು ನೋಡಲು ಕರೆದಿದ್ದಾರೆ. ಅವರೀಗ ಗೋಡೆಯ ಕಡೆ ತಿರುಗಿ ಮಲಗುವುದಿಲ್ಲ. ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಕೂತಿರುತ್ತಾರೆ.

ಆದ್ದರಿಂದ ಅಕ್ಕ, ತಿಂಗಳ ಕೊನೆಗೆ ಖಂಡಿತ ಬನ್ನಿ. ನಿಮ್ಮಪ್ಪ, ನಿಮ್ಮ ಹಕ್ಕು. ಅದನ್ನು ನಾನು ಎಂದೂ ಮರೆತಿಲ್ಲ. ಆದರೆ ಕರೆದುಕೊಂಡು ಹೋಗುವ ಮಾತನ್ನು ಅವರನ್ನೇ ಕೇಳಿ. ಅವರು ಬರುತ್ತೇನೆ ಎಂದರೆ ನಾನೇ ಬಟ್ಟೆ ಮಡಚಿ ಕೊಡುತ್ತೇನೆ. ಇಲ್ಲ ಎಂದರೆ, ನೀವೊಬ್ಬರೇ ಹಿಂತಿರುಗಬೇಕಾಗುತ್ತದೆ. ಇದು ಕೋಪದಿಂದ ಬರೆದದ್ದಲ್ಲ. ನಿಮ್ಮ ಮಾತಿಗೆ ಹೆದರಿ ಆ ಬುಧವಾರ ನಾನು ಬರೆಯುತ್ತಿದ್ದ ಪತ್ರವನ್ನು ಮೊದಲೇ ಬರೆದು ಅಭ್ಯಾಸ ನಿಲ್ಲಿಸಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ. ಇನ್ನು ಮೇಲೆ ಅಂಥ ಪತ್ರ ನಾನು ಬರೆಯುವುದಿಲ್ಲ.

ಭಾವನವರಿಗೆ ನಮಸ್ಕಾರ ಹೇಳಿ. ನೀವೂ ನಿಮ್ಮ ಮನೆಯ ಬಾಗಿಲ ಪಕ್ಕ ಒಂದು ಚೀಲ ತೂಗುಹಾಕಿ. ನನ್ನಾಣೆ.

ನಿಮ್ಮ ಮನೆಯ ಸೊಸೆ,
ಪುಟ್ಟಿಯ ಅಮ್ಮ

ತಾ.ಕ.: ಪತ್ರ ಮುಗಿಸಿ ಮಡಚುತ್ತಿದ್ದಾಗ ಮಾವ ಕರೆದು ಇನ್ನೊಂದು ವಿಷಯ ಸೇರಿಸಲು ಹೇಳಿದರು. ತಾವೇ ಹೇಳಲು ನಾಚಿಕೆಯಂತೆ. ಅತ್ತೆ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಅವರೂ ಕುಂಡದಮ್ಮನೂ ಮದುವೆ ನೋಂದಾಯಿಸಿಕೊಳ್ಳುತ್ತಾರೆ. ಇದು ಬೆಂಕಿ ಬಿದ್ದ ದಿನ ಹುಟ್ಟಿದ ಯೋಚನೆಯಲ್ಲ, ಅಭ್ಯಾಸದ ದಿನಗಳದ್ದು. ನನಗೆ ಆಗಲೇ ಗೊತ್ತಿತ್ತು, ನಿಮಗೆ ಹೇಳಲು ಧೈರ್ಯ ಸಾಲಲಿಲ್ಲ. "ಕುಂಟಂಗೆ ಎಂಟು ಚೇಷ್ಟೆ ಅಂತ ಬೈತಾಳೆ ಮಗಳು, ಬೈಲಿ," ಎನ್ನುತ್ತಿದ್ದಾರೆ. ಸಾಕ್ಷಿಗೆ ಮೂವರು ಬೇಕು. ಕ್ಷೌರದಂಗಡಿಯವರೂ ನಾನೂ ಇದ್ದೇವೆ. ನಿಮ್ಮ ತಮ್ಮ ಪೆನ್ನು ಹಿಡಿದು ತಯಾರಾಗಿದ್ದರೂ ಮಾವ ಬೇಡ ಎಂದಿದ್ದಾರೆ. ಆ ಜಾಗ ನಿಮಗಂತೆ. ನೀವು ಬರುವವರೆಗೂ ಕಾಯುತ್ತಾರಂತೆ.